ಖಾಲಿ ಚಿಪ್ಪಿನ ಹಲ್ಲು

ಜನವರಿ 9

ಏಡಿ ಸಾಕುವ ಮಗಳಿಗೆ,

ಕ್ಷೇಮವೇ ಅಂತ ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀಯ ಅಂತ ಪೇಪರಿನಲ್ಲೇ ಬಂದಿದೆ. ಏಡಿ ಒಡೆಯುವ ಶೆಡ್ಡಿನ ಮೇಜಿನ ಮೇಲೆ ಹಾಸುವುದಕ್ಕೆ ತಂದ ಹಳೇ ಪೇಪರು. ಬೇಯಿಸಿದ ಏಡಿ ಸುರಿಯೋಣ ಅಂತ ಹರಡಿದರೆ ಅದರಲ್ಲಿ ನೀನು! ಮೊಣಕಾಲುದ್ದ ರಬ್ಬರ್ ಬೂಟು ಹಾಕಿಕೊಂಡು, ಮತ್ಸ್ಯಾಲಯದ ಗಾಜಿನ ತೊಟ್ಟಿಯ ಪಕ್ಕ ನಿಂತು ಹಲ್ಲು ಕಿರಿದಿದ್ದೀಯ. ಗಾಜಿನ ಆ ಕಡೆ ಒಂದು ರಾಕ್ಷಸ ಏಡಿ, ಕಾಲೇ ನಿನಗಿಂತ ಉದ್ದ. ಪಕ್ಕದಲ್ಲಿ ಕೂತವಳು 'ನಿಮ್ಮ ಮಗಳಲ್ವಾ ಅಕ್ಕಾ?' ಅಂದಳು. ಅಲ್ಲ ಅಂತ ಹೇಳಬೇಕು ಅನ್ನಿಸಿತು. ಹೇಳಿದೆ ಕೂಡ.

ಚಿತ್ರದ ಕೆಳಗೆ ಬರೆದದ್ದನ್ನೂ ಓದಿದೆ. ಉತ್ತರದ ಆಳಸಮುದ್ರದಲ್ಲಿ ನವೆಂಬರಿನಲ್ಲಿ ಬಲೆಗೆ ಸಿಕ್ಕಿದ್ದಂತೆ. ಉತ್ತರದ ಆಳ ಅಂದರೆ ಯಾವುದು ಅಂತ ನಿನಗೆ ನಾನು ಹೇಳಿಕೊಡಬೇಕಾ? ಹೋದ ಮಾರ್ಚಿನಲ್ಲಿ ನಿನ್ನ ತಮ್ಮ ಮುಳುಗಿದ ಜಾಗ ಅದು. ದೋಣಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಕಡ್ಡಿಯ ಹಾಗಿದ್ದ ಹುಡುಗನಿಗೆ ಗುಂಡ ಅಂತ ಹೆಸರಿಟ್ಟು ಕರೆದವಳು ನೀನೇ. ಆ ಗುಂಡನ ಒಂದು ಮೂಳೆ ಕೂಡ ನನ್ನ ಕೈಗೆ ಬರಲಿಲ್ಲ.

ಭಾನುವಾರ ನಿನ್ನ ಮಾವ ಊಟಕ್ಕೆ ಬಂದಾಗ ಪೇಪರು ತೋರಿಸಿದೆ. ಪಾಪ, ಅವನಿಗೂ ತುತ್ತು ಇಳಿಯಲಿಲ್ಲ. 'ಆ ಆಳದಲ್ಲಿ ಹೆಣ ಬಿದ್ದರೆ ಇವು ಬಿಡಲ್ಲ ಅಕ್ಕಾ' ಅಂದ. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಆ ಕಾಲುಗಳು ಬರುತ್ತವೆ.

ಆ ಏಡಿಯನ್ನು ಕೊಲ್ಲು. ಹೇಗೆ, ಏನು, ಅದು ನಿನಗೆ ಬಿಟ್ಟದ್ದು. ಕೊಂದ ಮೇಲೆ ಮನೆಗೆ ಬಾ. ಅಲ್ಲಿಯವರೆಗೆ ಬರಬೇಡ. ಫೋನೂ ಮಾಡಬೇಡ, ನಾನು ಎತ್ತುವುದಿಲ್ಲ. ಫೋನಿನಲ್ಲಿ ನೀನು 'ಅಮ್ಮಾ' ಅಂದರೆ ನನ್ನ ಕೋಪ ಅಲ್ಲೇ ಇಳಿದುಹೋಗುತ್ತದೆ. ಈ ಕೋಪ ಬಿಟ್ಟರೆ ಈಗ ನನ್ನ ಹತ್ತಿರ ಬೇರೇನೂ ಇಲ್ಲ.

ನಿನ್ನನ್ನು ಹೆತ್ತ ತಪ್ಪಿಗೆ,
ಅಮ್ಮ


ಜನವರಿ 21

ಅಮ್ಮಾ,

ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿ ಮೆಟ್ಟಿಲ ಮೇಲೇ ಕೂತು ಒಡೆದೆ. ಹೋದ ವರ್ಷ ನೀನು ನನ್ನ ಕೆನ್ನೆಗೆ ಹೊಡೆದ ಮೇಲೆ ಬಂದ ಮೊದಲ ಮಾತು ಇದು. ಒಳಗೆ ಏನಿದೆ ಅಂತ ಓದುವವರೆಗೂ ಖುಷಿಯಾಗಿಯೇ ಇದ್ದೆ.

ನೀನು ಕೇಳಿದ್ದನ್ನು ನಾನು ಮಾಡುವುದಿಲ್ಲ. ಮಾಡಲಾರದ್ದಕ್ಕೆ ಕಾರಣ ಹೇಳುತ್ತೇನೆ, ಬೈದುಕೊಂಡಾದರೂ ಓದು.

ಇದು ನೀನು ದಿನಾ ಒಡೆಯುವ ಏಡಿಯ ಹಾಗಲ್ಲ. ಮೈ ಒಂದು ದೊಡ್ಡ ತಟ್ಟೆಯಷ್ಟೇ. ಕಾಲು ಚಾಚಿದರೆ ಮಾತ್ರ ನಮ್ಮ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತದೆ. ಬೆಳಕು ಇಳಿಯದ ಆಳದಲ್ಲಿ, ಕೈ ಇಟ್ಟರೆ ಮರಗಟ್ಟುವಂಥ ತಣ್ಣೀರಿನಲ್ಲಿ ಇರುವ ಪ್ರಾಣಿ. ನೀರು ಸ್ವಲ್ಪ ಬೆಚ್ಚಗಾದರೂ ಇದಕ್ಕೆ ತಡೆಯುವುದಿಲ್ಲ, ಅದಕ್ಕೇ ತೊಟ್ಟಿಗೆ ಇಡೀ ದಿನ ತಂಪು ಮಾಡುವ ಯಂತ್ರ ಓಡುತ್ತಿರುತ್ತದೆ. ಚಿಕ್ಕ ವಯಸ್ಸಿನಲ್ಲಿ ಬೆನ್ನ ಮೇಲೆ ಸ್ಪಂಜು, ಪಾಚಿ ಎಲ್ಲ ಅಂಟಿಸಿಕೊಂಡು ಕಲ್ಲಿನ ಹಾಗೆ ಅಡಗಿ ಕೂರುತ್ತದೆ. ದೊಡ್ಡದಾದ ಮೇಲೆ ಆ ವೇಷ ಬೇಕಾಗುವುದಿಲ್ಲ. ನೂರು ವರ್ಷ ಬದುಕುತ್ತದೆ ಅನ್ನುವವರಿದ್ದಾರೆ. ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಮರಕ್ಕಿರುವ ಹಾಗೆ ವಯಸ್ಸು ಎಣಿಸುವುದಕ್ಕೆ ಇದರ ಮೈಯಲ್ಲಿ ಗುರುತು ನಿಲ್ಲುವುದಿಲ್ಲ. ಬೆಳೆಯುವಾಗ ಹಳೇ ಚಿಪ್ಪನ್ನೇ ಬಿಸಾಡಿಬಿಡುತ್ತದೆ.

ಇದು ಮನುಷ್ಯರ ಬೇಟೆಗೆ ಹೋಗುವುದಿಲ್ಲ ಅಮ್ಮಾ. ಓಡಿ ಹಿಡಿಯುವ ಶಕ್ತಿಯೇ ಇದಕ್ಕಿಲ್ಲ. ಮೆಲ್ಲಗೆ ನಡೆಯುತ್ತಾ ಚಿಪ್ಪಿನ ಹುಳ, ಪಾಚಿ, ತಳಕ್ಕೆ ಬಿದ್ದ ಸತ್ತದ್ದು ಕೆಟ್ಟದ್ದು ತಿನ್ನುತ್ತದೆ. ಉತ್ತರದ ಆಳ ಅನ್ನುವುದು ನಮ್ಮ ಬೀದಿಯಲ್ಲ. ಅಲ್ಲಿ ಇಂಥವು ಎಷ್ಟೋ ಇವೆ. ಇದೇ ಅಂತ ಹೇಳುವುದಕ್ಕೆ ನಿನ್ನಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ಮಾವನ ವಿಷಯ ಬರೆಯುವುದಿಲ್ಲ. ಬರೆದರೆ ಕಾಗದ ಅರ್ಧಕ್ಕೇ ಹರಿದುಹಾಕುತ್ತೀ. ಒಂದೇ ಮಾತು, ಅವನಿಗೆ ಏಡಿಯ ಮೇಲೆ ಬೆರಳು ತೋರಿಸುವ ಅವಸರ ಯಾಕೆ ಅಂತ ಯೋಚಿಸು.

ಒಪ್ಪಿಕೊಂಡರೆ ನಿನ್ನ,
ಮಗಳು


ಜನವರಿ 30

ಪಂಡಿತೆಗೆ,

ಪಾಠ ಚೆನ್ನಾಗಿತ್ತು. ಪೂರ್ತಿ ಓದಿದೆ, ನಿನ್ನ ಚಿಕ್ಕಮ್ಮನಿಗೂ ಓದಿ ಹೇಳಿದೆ. ಎರಡು ಸಂಗತಿ ಮಾತ್ರ ನನಗೆ ಬೇಕಾದವು.

ಒಂದು, 'ಸತ್ತದ್ದು ತಿನ್ನುತ್ತದೆ' ಅಂತ ನೀನೇ ಬರೆದಿದ್ದೀಯ. ನಿನ್ನ ಕೈಯಿಂದಲೇ. ಸುಳ್ಳು ಹೇಳಿ ನನ್ನ ಹೊಟ್ಟೆ ತಣ್ಣಗೆ ಮಾಡಬಹುದಾಗಿತ್ತು, ಅಷ್ಟೂ ನಿನಗೆ ಬರುವುದಿಲ್ಲ. ಎರಡು, ನೀರು ಬೆಚ್ಚಗಾದರೆ ತಡೆಯುವುದಿಲ್ಲ ಅಂದೆ. ಆ ಯಂತ್ರಕ್ಕೆ ಗೋಡೆಯ ಮೇಲೆ ಒಂದು ಸ್ವಿಚ್ಚು ಇರಬೇಕಲ್ಲ? ಸ್ವಿಚ್ಚಿಗೆ ಬೆರಳು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕರೆಂಟು ಹೋಗಿತ್ತು ಅನ್ನು. ಮರೆತೆ ಅನ್ನು. ಚಿಕ್ಕವಳಿದ್ದಾಗ ಹಾಲು ಉಕ್ಕಿಸಿ ಎಷ್ಟು ಸಲ ಮರೆತೆ ಅಂದಿಲ್ಲ ನೀನು?

ಅದು ಆಗದಿದ್ದರೆ ನಾನು ಮಾಡುವ ಹಾಗೆ ಮಾಡು. ಅಂಗಾತ ಮಲಗಿಸಿ ಹೊಟ್ಟೆಯ ಮೇಲಿನ ಮಡಿಕೆ ಎತ್ತು. ಅದರ ಕೆಳಗೆ ಮೆತ್ತಗಿನ ಜಾಗ ಸಿಗುತ್ತದೆ. ಚೂಪಾದ್ದು ಏನಾದರೂ ಒಂದು ಸಲ ಇಳಿಸಿದರೆ ಸಾಕು. ಎಷ್ಟು ದೊಡ್ಡದಾದರೂ ಏಡಿ ಏಡಿಯೇ. ಅಲ್ಲಿ ಬೂಟು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಗೊತ್ತಿಲ್ಲದಿದ್ದರೆ ನನ್ನನ್ನು ಕರೆಸು, ತೋರಿಸಿಕೊಡುತ್ತೇನೆ.

ಇದೇ ಅಂತ ಹೇಳುವುದಕ್ಕಾಗುವುದಿಲ್ಲ ಅಂದೆ. ಸರಿ, ಅಲ್ಲ ಅಂತ ಹೇಳು ನೋಡೋಣ. ಆಗುತ್ತದಾ? ನನಗೆ ಅಷ್ಟೇ ಸಾಕು. ಮೇಜಿನ ಮುಂದೆ ಕೂತು ಈಗ ಒಂದೊಂದು ಏಡಿ ಒಡೆಯುವಾಗಲೂ ನಿನ್ನದೇ ಅಂದುಕೊಂಡು ಒಡೆಯುತ್ತಿದ್ದೇನೆ. ಮೇಸ್ತ್ರಿ ಬಂದು 'ನಿಮ್ಮ ಬುಟ್ಟಿಯಲ್ಲಿ ಮಾಂಸದ ಜೊತೆ ಚಿಪ್ಪಿನ ಚೂರೇ ಜಾಸ್ತಿ' ಅಂತ ಬೈದ. ಬೈಸಿಕೊಂಡೆ.

ಮಾವನಿಗೆ 'ಅವನು' ಅನ್ನುವಷ್ಟು ದೊಡ್ಡವಳಾದೆಯಾ? ನನ್ನ ಬೆನ್ನಿಗೆ ಬಿದ್ದ ತಮ್ಮ ಅವನು. ಗುಂಡ ಹೋದ ದಿನ ನನ್ನ ಹೆಗಲು ಹಿಡಿದುಕೊಂಡು ಕೂತವನು ಅವನು, ನೀನಲ್ಲ. ನೀನು ಬಂದವಳೇ ಅವನ ಮೇಲೆ ಕೂಗಾಡಿದೆ. ಕೆನ್ನೆಗೆ ಬಿದ್ದದ್ದು ಕಡಿಮೆಯೇ ಆಯಿತು.

ಕಾಯುತ್ತಿರುವ,
ಅಮ್ಮ


ಫೆಬ್ರವರಿ 17

ಅಮ್ಮಾ,

ಆ ಫೋಟೋದಲ್ಲಿ ನಾನು ನಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದೆ. ನನ್ನ ಮುಖವನ್ನು ಹೆತ್ತವಳಿಗೇ ಅಷ್ಟು ಗೊತ್ತಾಗಲಿಲ್ಲವಲ್ಲ.

ಈ ತೊಟ್ಟಿಯ ಕೆಲಸ ನನಗೆ ತಾನಾಗಿ ಬಂದದ್ದಲ್ಲ. ಇದು ಎಲ್ಲಿಂದ ಬಂತು ಅಂತ ಕೇಳಿದ ದಿನವೇ ಮೇಲಿನವರ ಹತ್ತಿರ ಹೋಗಿ, ಕೇಳಿಕೊಂಡು ಈ ಕೆಲಸಕ್ಕೆ ಹಾಕಿಸಿಕೊಂಡೆ. ಪ್ರೀತಿಯಿಂದಲ್ಲ. ನೀನು ಏನು ಯೋಚಿಸಿದೆಯೋ ಅದನ್ನು ನಿನಗಿಂತ ಮೊದಲೇ ನಾನು ಯೋಚಿಸಿದ್ದೆ. ಬೆಳಿಗ್ಗೆ ಜನ ಬರುವುದಕ್ಕೆ ಮುಂಚೆ ಗಾಜಿಗೆ ಮುಖ ಇಟ್ಟು ಅದಕ್ಕೆ ಬೈಯುತ್ತಿದ್ದೆ. ನಮ್ಮ ಬೀದಿಯ ನಲ್ಲಿ ಜಗಳದಲ್ಲಿ ಕಲಿತ ಬೈಗುಳ ಒಂದೂ ಬಿಟ್ಟಿಲ್ಲ. ಸ್ವಿಚ್ಚು ಎಲ್ಲಿದೆ ಅಂತ ನನಗೂ ಗೊತ್ತು.

ಆಮೇಲೆ ದಿನಾ ಊಟ ಕೊಡುವುದು ನನ್ನ ಪಾಲಿಗೇ ಬಂತು. ಉದ್ದ ಇಕ್ಕಳದಲ್ಲಿ ಮೀನಿನ ತುಂಡು ಇಳಿಸುತ್ತೇನೆ. ಇದು ಮೊದಲು ಕಾಲಿನ ತುದಿಯಿಂದ ಮುಟ್ಟಿ ನೋಡುತ್ತದೆ. ಇದಕ್ಕೆ ರುಚಿ ಕಾಲಿನಲ್ಲೇ ತಿಳಿಯುತ್ತದೆ. ಆಮೇಲೆ ಇಕ್ಕಳದಂಥ ಮುಂಗಾಲಿನಲ್ಲಿ ಹಿಡಿದು, ಹಲ್ಲಿಲ್ಲದ ಮುದುಕನ ಹಾಗೆ ನಿಧಾನವಾಗಿ ಬಾಯಿಗೆ ಒಯ್ಯುತ್ತದೆ. ಎಡಗಡೆಯ ಒಂದು ಕಾಲು ಬಲೆಯಲ್ಲಿ ಮುರಿದುಹೋಗಿದೆ. ಬೈದು ಬೈದು ಒಂದು ದಿನ ನನಗೇ ಸುಸ್ತಾಯಿತು. ನಾನು ಬೈಯಬೇಕಾದ ಮುಖ ಗಾಜಿನ ಆ ಕಡೆ ಇರಲಿಲ್ಲ ಅಮ್ಮಾ. ಅದು ಪ್ರತಿ ಭಾನುವಾರ ನಿನ್ನ ಮನೆಯಲ್ಲಿ ಕೂತು ಊಟ ಮಾಡುತ್ತಿತ್ತು.

ಹರಿಯುವುದಿದ್ದರೆ ಇಲ್ಲಿಯವರೆಗೆ ಓದಿ ಹರಿ. ಅವತ್ತು ಕೂಗಾಟದಲ್ಲಿ ನೀನು ಕೇಳಿಸಿಕೊಳ್ಳದ್ದನ್ನು ಬರೆದುಬಿಡುತ್ತೇನೆ. ಮಾವನ ಆ ದೋಣಿಯಿಂದ ಬದುಕಿ ಬಂದವನು ಎಂಜಿನ್ ನೋಡಿಕೊಳ್ಳುವವನು ಒಬ್ಬನೇ. ಆಸ್ಪತ್ರೆಯಲ್ಲಿ ಅವನು ನನ್ನ ಕೈ ಹಿಡಿದುಕೊಂಡು ಹೇಳಿದ, 'ನೀರು ಹೊರಹಾಕೋ ಪಂಪು ಹಿಂದಿನ ಸಲಾನೇ ಕೆಟ್ಟು ನಿಂತಿತ್ತಮ್ಮ. ನಿಮ್ಮ ಮಾವನಿಗೆ ಹೇಳಿದ್ವಿ. ಏನಾಗಲ್ಲ ಹೋಗ್ಬನ್ನಿ ಅಂದ್ರು. ನಿಮ್ಮ ತಮ್ಮ ಕೊನೇವರೆಗೂ ಬಕೆಟ್ಟಲ್ಲಿ ನೀರು ಎತ್ತಿ ಹಾಕ್ತಾ ಇದ್ದ.' ವಿಚಾರಣೆಯಲ್ಲಿ ಅದೇ ಬಾಯಿ 'ದೊಡ್ಡ ಅಲೆ ಬಂತು' ಅಂದಿತು. ಈಗ ಅವನು ಮಾವ ಕಟ್ಟಿಸುತ್ತಿರುವ ಹೊಸ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಾನಂತೆ. ಬಾಯಿಗೆ ಬೀಗ ಹಾಕಿದವರು ಯಾರು ಅಂತ ನೀನೇ ಲೆಕ್ಕ ಹಾಕು.

ನೀನು ಹೊಡೆದದ್ದು ನನಗೆ ನೋವಾಗಲಿಲ್ಲ. ನೀನು ಅವನನ್ನು ಒಂದು ಮಾತೂ ಕೇಳದೆ ಹೊಡೆದೆಯಲ್ಲ, ಅದು ನೋವಾಯಿತು.

ಮಗಳು


ಮಾರ್ಚ್ 23

ನಿನ್ನ ಕಾಗದ ಒಲೆಗೆ ಹಾಕಿದೆ. ಉತ್ತರ ಬರೆಯಬಾರದು ಅಂತಿದ್ದೆ. ಮೊನ್ನೆಗೆ ಗುಂಡ ಹೋಗಿ ವರ್ಷವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಪ್ರಶ್ನೆ. ನಿನ್ನ ಏಡಿ ಚಿಪ್ಪು ಬಿಡುವುದು ಯಾವಾಗ? ನಮ್ಮ ಶೆಡ್ಡಿಗೆ ಒಮ್ಮೊಮ್ಮೆ ಹೊಸದಾಗಿ ಚಿಪ್ಪು ಬಿಟ್ಟದ್ದು ಬರುತ್ತದೆ. ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತದೆ, ಅಷ್ಟು ಮೆತ್ತಗೆ. ಆ ದಿನ ನಾನು ನೋಡಬೇಕು. ನೋಡುವುದಕ್ಕೆ ಮಾತ್ರ.

ಅಮ್ಮ


ಏಪ್ರಿಲ್ 4

ಅಮ್ಮಾ,

ನೋಡುವುದಕ್ಕೆ ಮಾತ್ರ ಅಂದದ್ದನ್ನು ನಂಬುವಷ್ಟು ದಡ್ಡಿಯನ್ನು ನೀನು ಹೆತ್ತಿಲ್ಲ. ಆದರೂ ಹೇಳುತ್ತೇನೆ.

ದೊಡ್ಡವು ವರ್ಷಗಟ್ಟಲೆ ಚಿಪ್ಪು ಬದಲಿಸದೆ ಇರುತ್ತವೆ. ಯಾವಾಗ ಅಂತ ಯಾರೂ ದಿನ ಇಟ್ಟು ಹೇಳಲಾರರು. ಆದರೆ ನಮ್ಮದು ಊಟ ಬಿಟ್ಟು ಕೂತಿದೆ. ಮುರಿದ ಕಾಲಿನ ಬುಡದಲ್ಲಿ ಒಂದು ಮೊಗ್ಗು ಮೂಡಿದೆ. ಅದರೊಳಗೆ ಹೊಸ ಕಾಲು ಮಡಚಿಕೊಂಡಿರುತ್ತದೆ. ಇವೆಲ್ಲ ಹತ್ತಿರ ಬಂದ ಲಕ್ಷಣ. ಜನರ ಕಣ್ಣಿಂದ ತಪ್ಪಿಸಿ ಹಿಂದಿನ ಕೋಣೆಯ ದೊಡ್ಡ ತೊಟ್ಟಿಗೆ ಸಾಗಿಸಿದ್ದೇವೆ, ಕಪ್ಪು ಬಟ್ಟೆ ಇಳಿಬಿಟ್ಟಿದ್ದೇವೆ.

ಆಗುವುದು ಹೀಗೆ. ಬೆನ್ನ ಹಿಂದೆ ಚಿಪ್ಪು ಬಿರಿಯುತ್ತದೆ. ಆ ಬಿರುಕಿನಿಂದ ಹಿಮ್ಮುಖವಾಗಿ ಹೊರಗೆ ಬರಬೇಕು, ಅಷ್ಟುದ್ದ ಕಾಲುಗಳನ್ನೂ ಒಂದೊಂದಾಗಿ ಎಳೆದುಕೊಂಡು. ಬಿಗಿಯಾದ ತೋಳಿನ ಅಂಗಿ ಬಿಚ್ಚುವಾಗ ನೀನು ಪಡುವ ಪಾಡು ನೆನೆಸಿಕೋ. ಗಂಟೆಗಟ್ಟಲೆ ಹಿಡಿಯುತ್ತದೆ. ಕಾಲು ಸಿಕ್ಕಿಕೊಂಡು ಅರ್ಧಕ್ಕೇ ಸಾಯುವುದೂ ಉಂಟು. ಹೊರಗೆ ಬಂದ ಮೇಲೆ ಅಲ್ಲಾಡದೆ ಬಿದ್ದಿರುತ್ತದೆ. ಆಗ ಅದಕ್ಕೆ ಏನು ಮಾಡಿದರೂ ಮಾಡಿದವರದೇ ಕೈಮೇಲು.

ಆದ ದಿನ ಶೆಡ್ಡಿನ ಫೋನಿಗೆ ಮೇಸ್ತ್ರಿಯ ಹತ್ತಿರ ಹೇಳಿಸುತ್ತೇನೆ. ಬಾ. ಮುಂಬಾಗಿಲಿಗೆ ಬರಬೇಡ, ಟಿಕೆಟ್ ಕೇಳುತ್ತಾರೆ. ಸಾಮಾನು ಇಳಿಸುವ ಹಿಂದಿನ ಬಾಗಿಲ ಹತ್ತಿರ ನಿಂತಿರುತ್ತೇನೆ.

ಮಗಳು


ಏಪ್ರಿಲ್ 26

ಮೋಸಗಾರ್ತಿಗೆ,

ಮರದ ಸುತ್ತಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡಿದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು. ಹಿಂದಿನ ಬಾಗಿಲಲ್ಲಿ ನೀನು ಚೀಲ ನೋಡಿದೆ, ನನ್ನ ಮುಖ ನೋಡಿದೆ. 'ನೀರು ತರ್ತೀನಿ, ಒಳಗೆ ಕೂತಿರು' ಅಂತ ಹೊರಟುಹೋದೆ. ನನ್ನ ಮಗಳು ಕೊನೆಗೂ ನನ್ನ ಕಡೆಗೆ ಬಂದಳು ಅಂದುಕೊಂಡೆ.

ಕೋಣೆಯಲ್ಲಿ ಬೆಳಕು ಅಷ್ಟಕ್ಕಷ್ಟೇ. ಆ ಕಡೆ ಕಪ್ಪು ಬಟ್ಟೆ, ಈ ಕಡೆ ನೆಲದ ಮೇಲೆ ಅಗಲವಾದ ತಗ್ಗು ತೊಟ್ಟಿ. ಅದರ ತುಂಬ ಕಾಲುಗಳು, ಬೆನ್ನು ನೀರಿನ ಮೇಲೆ. ಕಣ್ಣು ಎರಡೂ ಮೇಲಕ್ಕೆದ್ದು ನನ್ನನ್ನೇ ನೋಡುತ್ತಿದ್ದವು. ಅಲ್ಲಾಡಲಿಲ್ಲ. ಅಲ್ಲಾಡುವುದಿಲ್ಲ ಅಂತ ನೀನೇ ಬರೆದಿದ್ದೆ. 'ಗುಂಡಾ' ಅಂತ ಒಂದು ಸಲ ಗಟ್ಟಿಯಾಗಿ ಕೂಗಿ ಎತ್ತಿ ಹೊಡೆದೆ.

ಇಷ್ಟು ವರ್ಷ ಏಡಿ ಒಡೆದ ಕೈ ಇದು. ಮೊದಲ ಏಟಿಗೇ ಗೊತ್ತಾಯಿತು, ಒಳಗೆ ಏನೂ ಇಲ್ಲ ಅಂತ. ಒಣಗಿದ ಸೋರೆಬುರುಡೆಗೆ ಹೊಡೆದ ಸದ್ದು. ಮಾಂಸವಿದ್ದರೆ ಸುತ್ತಿಗೆ ಕೈಗೆ ಬೇರೆ ಥರ ಬರುತ್ತದೆ. ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಬೆನ್ನು ಪುಡಿಯಾಗುವವರೆಗೂ, ತೋಳು ಸೋಲುವವರೆಗೂ ಹೊಡೆದೆ. ಇಡೀ ವರ್ಷ ಬಾರದ ಅಳು ಅವತ್ತು ಬಂತು. ನೀನು ಬಾಗಿಲಲ್ಲಿ ಲೋಟ ಹಿಡಿದುಕೊಂಡು ನಿಂತಿದ್ದೆ, ಯಾವಾಗ ಬಂದೆಯೋ ಗೊತ್ತಿಲ್ಲ.

ಆಮೇಲೆ ನೀನು ಬಟ್ಟೆ ಸರಿಸಿ ತೋರಿಸಿದೆ. ಜೀವ ಇದ್ದದ್ದು ಅಲ್ಲಿ, ಮೂಲೆಯಲ್ಲಿ ಮುದುರಿಕೊಂಡು. ಎಡಗಡೆ ಒಂದು ಪುಟ್ಟ ಹೊಸ ಕಾಲು. ಅದನ್ನು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಕ್ಕೆ ಕಳೆದುಹೋದ ಕಾಲು ಮತ್ತೆ ಬಂತು! ನನಗೆ ಹೋದದ್ದು ಬರುತ್ತದಾ? ಸುತ್ತಿಗೆ ಕೈಯಲ್ಲೇ ಇತ್ತು. ನೀನು ತಡೆಯಲೂ ಇಲ್ಲ. ಆದರೆ ಅಷ್ಟು ಹೊತ್ತಿಗೆ ತೋಳು ಏಳಲಿಲ್ಲ. ಅದು ಬದುಕಿಕೊಂಡದ್ದು ನಿನ್ನ ಪಾಠದಿಂದ ಅಂದುಕೊಳ್ಳಬೇಡ, ನನ್ನ ತೋಳುನೋವಿನಿಂದ.

ಚೂರುಗಳ ನಡುವೆ ಒಂದು ವಸ್ತು ಸಿಕ್ಕಿತು, ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಏಡಿಯ ಹೊಟ್ಟೆಯೊಳಗಿನ ಹಲ್ಲು. ದಿನಾ ಹೊಟ್ಟೆಚೀಲದ ಜೊತೆ ಕಿತ್ತು ಬಿಸಾಡುವವಳಿಗೆ ಗುರುತು ಸಿಗುವುದಿಲ್ಲವಾ? ಮೈಯೆಲ್ಲ ಹೊರಗೆ ಬಂದ ಮೇಲೆ ಖಾಲಿ ಚಿಪ್ಪಿನಲ್ಲಿ ಇದು ಹೇಗೆ ಉಳಿಯಿತು? ಗೊತ್ತಿದ್ದರೆ ಬರಿ. ಮೋಸದ ವಿಷಯ ಆಮೇಲೆ ಮಾತಾಡೋಣ.

ಅಮ್ಮ


ಮೇ 5

ಅಮ್ಮಾ,

ಮೋಸ ಹೌದು. ಚಿಪ್ಪಿನ ಉಪ್ಪು ಬಿಡಲಿ ಅಂತ ಸಿಹಿನೀರಿನ ತೊಟ್ಟಿಯಲ್ಲಿ ನೆನೆಹಾಕುವುದು ನಮ್ಮಲ್ಲಿ ರೂಢಿ. ನಿನ್ನ ಕಣ್ಣಿಗೆ ಮೊದಲು ಬೀಳಲಿ ಅಂತ ಅದನ್ನು ಬಾಗಿಲ ಹತ್ತಿರಕ್ಕೆ ಎಳೆದದ್ದು ಮಾತ್ರ ನಾನು. ಕಪಾಟಿನಲ್ಲಿ ಇಟ್ಟು ಜನರಿಗೆ ತೋರಿಸಬೇಕಾಗಿದ್ದ ಚಿಪ್ಪು ಅದು. ಮೇಲಿನವರು ನನ್ನನ್ನು ನಿಲ್ಲಿಸಿಕೊಂಡು ಚೆನ್ನಾಗಿ ಉಗಿದರು. ಕೈ ಜಾರಿ ಬಿತ್ತು ಅಂದೆ. 'ಅಷ್ಟು ಚೂರಾಗುವ ಹಾಗೆ ಎಲ್ಲಿಂದ ಜಾರಿತು, ಮಹಡಿಯಿಂದಲಾ?' ಅಂದರು. ಬೈಸಿಕೊಂಡೆ. ನಿನ್ನ ಮಗಳಲ್ಲವಾ?

ನೀನು ಕೇಳಿದ್ದಕ್ಕೆ ಉತ್ತರ. ಏಡಿ ಬಿಡುವುದು ಮೇಲಿನ ಚಿಪ್ಪನ್ನು ಮಾತ್ರ ಅಲ್ಲ. ಕಣ್ಣಿನ ಮೇಲಿನ ಪೊರೆ, ಹೊಟ್ಟೆಯ ಒಳಪದರ, ತಿಂದದ್ದನ್ನು ಅರೆಯುವ ಹಲ್ಲು, ಎಲ್ಲವೂ ಹಳೇ ಚಿಪ್ಪಿನ ಜೊತೆಗೇ ಕಳಚಿಕೊಂಡು ಬರುತ್ತವೆ. ಒಳಗೆ ಹೊಸದು ಮೊದಲೇ ತಯಾರಾಗಿರುತ್ತದೆ. ಮೊನ್ನೆ ನೀನು ಮೂಲೆಯಲ್ಲಿ ನೋಡಿದ ಏಡಿಯ ಹಲ್ಲು ಅವತ್ತಿನವರೆಗೆ ಒಂದು ತುಣುಕನ್ನೂ ಅಗಿದಿರಲಿಲ್ಲ.

ಉತ್ತರದ ಆಳದಲ್ಲಿ ಇದು ಏನನ್ನು ತಿಂದಿತ್ತೋ ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗುವುದಿಲ್ಲ. ತಿಂದಿದ್ದರೆ, ತಿಂದ ಹಲ್ಲು ಈಗ ನಿನ್ನ ಕರವಸ್ತ್ರದಲ್ಲಿದೆ. ಏಡಿಯ ಮೇಲಿನ ಹಗೆ ಅಲ್ಲಿಗೆ ಮುಗಿಯಿತು ಅಮ್ಮಾ. ಇನ್ನು ಉಳಿದವನು ಒಬ್ಬನೇ. ಅವನನ್ನು ಒಂದೇ ಒಂದು ಸಲ, ನಾನು ಹೇಳಿದೆ ಅಂತಲ್ಲ, ನೀನಾಗಿ ಕೇಳು.

ಮಗಳು


ಮೇ 22

ಮಗಳೇ,

ಕೇಳಿದೆ.

ಈ ಭಾನುವಾರ ಅವನು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಮುಖ ಅರಳಿತ್ತು. ಹೊಸ ದೋಣಿ ಮುಂದಿನ ವಾರ ನೀರಿಗೆ ಇಳಿಯುತ್ತದಂತೆ. 'ಅಕ್ಕಾ, ನಮ್ಮ ಗುಂಡನ ಹೆಸರೇ ಇಡ್ತಿದೀನಿ. ನೀನೇ ಬಂದು ಬಣ್ಣದಲ್ಲಿ ಮೊದಲನೇ ಅಕ್ಷರ ಬರೀಬೇಕು' ಅಂದ. ನಿನ್ನ ಮಾತು ತಲೆಯಲ್ಲಿ ಕೊರೆಯುತ್ತಿದ್ದರೂ ಅಲ್ಲಿಯವರೆಗೆ ಕೇಳುವ ಧೈರ್ಯ ನನಗಿರಲಿಲ್ಲ. ಹೆಸರು ಅಂದ ತಕ್ಷಣ ಬಂತು.

ಊಟಕ್ಕೆ ಕೂರಿಸಿದೆ. ನಿನ್ನ ಅತ್ತೆಗೆ ಬಡಿಸಿದೆ. ಅವನ ತಟ್ಟೆಗೆ ಏನೂ ಬಡಿಸದೆ ಕರವಸ್ತ್ರ ಬಿಚ್ಚಿ ಆ ಹಲ್ಲು ಇಟ್ಟೆ.

'ಇದೇನಕ್ಕಾ?'

'ಹಲ್ಲು. ಆ ಏಡೀದು. ಗುಂಡನ್ನ ತಿಂದಿದ್ದು ಅದೇ ಅಂತ ನೀನೇ ಹೇಳಿದ್ಯಲ್ಲ, ಕಿತ್ಕೊಂಡು ಬಂದೆ.'

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಹೆಗಲು ಹಿಡಿದು ಕೂರಿಸಿದೆ. 'ತಿಂದಿದ್ದು ಸಿಕ್ತು. ತಿನ್ನೋದಕ್ಕೆ ಕಳಿಸಿದ್ದು ಯಾರು ಅಂತ ಹೇಳು. ಪಂಪು ಸರಿ ಇತ್ತಾ?'

'ಊಟದ ಹೊತ್ತಲ್ಲಿ ಯಾಕಕ್ಕಾ ಈ ಮಾತು...'

'ಇತ್ತಾ, ಇಲ್ವಾ?'

'ಇತ್ತು' ಅಂದ. ಗೋಡೆ ನೋಡಿಕೊಂಡು ಅಂದ. ಚಿಕ್ಕವನಿದ್ದಾಗ ಕದ್ದು ತಿಂದ ದಿನವೂ ಹೀಗೇ ಗೋಡೆ ನೋಡುತ್ತಿದ್ದ. ಅಷ್ಟರಲ್ಲಿ ನಿನ್ನ ಅತ್ತೆ ತಟ್ಟೆಯಿಂದ ತಲೆ ಎತ್ತದೆಯೇ 'ಇರ್ಲಿಲ್ಲ ಅತ್ತಿಗೆ' ಅಂದಳು. 'ಹೊಸ ದೋಣಿಗೂ ಯಾವುದೋ ಗುಜರಿ ಪಂಪೇ ಹಾಕ್ಸಿದಾರೆ. ಬೇಡ ಅಂದ್ರೆ ನಂಗೆ ಬಾಯ್ಮುಚ್ಚು ಅಂದ್ರು.'

ಆಮೇಲೆ ಅವನ ಬಾಯಿಂದ ಎಲ್ಲ ಬಂತು. ಸೀಸನ್ ಮುಗಿದ ಮೇಲೆ ಬದಲಾಯಿಸೋಣ ಅಂತಿದ್ದನಂತೆ. ಒಂದು ಸಲ ಹೋಗಿಬರಲಿ, ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡನಂತೆ. ಅಳುವುದಕ್ಕೂ ಶುರು ಮಾಡಿದ. ಇಡೀ ವರ್ಷ ನನ್ನ ಹೆಗಲು ಹಿಡಿದುಕೊಂಡು ಅತ್ತದ್ದೂ ಇದೇ ಅಳುವಾ ಅಂತ ನೆನೆದು ಮೈಯೆಲ್ಲ ಉರಿದುಹೋಯಿತು. ಅವನ ಜೊತೆ ಕೂತು ನಾನು ಒಂದು ಮೂಕಪ್ರಾಣಿಗೆ ಶಾಪ ಹಾಕಿದೆನಲ್ಲ! ಅವನು ಎಷ್ಟು ನೆಮ್ಮದಿಯಾಗಿ ಕೇಳಿಸಿಕೊಂಡಿದ್ದ!

ಹಲ್ಲನ್ನು ಪಕ್ಕಕ್ಕೆ ಸರಿಸಿ ಅದೇ ತಟ್ಟೆಗೆ ಬಡಿಸಿದೆ. 'ತಿನ್ನು. ಈ ಮನೇಲಿ ಇದೇ ಕೊನೇ ಊಟ ನಿಂಗೆ' ಅಂದೆ. ತಿನ್ನುವವರೆಗೂ ಎದುರಿಗೆ ನಿಂತಿದ್ದೆ.

ಸೋಮವಾರ ಬೆಳಿಗ್ಗೆ ಶೆಡ್ಡಿಗೆ ರಜೆ ಹಾಕಿ ಬಂದರಿನ ಕಚೇರಿಗೆ ಹೋದೆ. ಹೇಳಬೇಕಾದ್ದು ಹೇಳಿ ಸಹಿ ಹಾಕಿದೆ. ನಿನ್ನ ಅತ್ತೆಯೂ ಬಂದು ಹಾಕಿದಳು. ಹೊಸ ದೋಣಿ ದಡ ಬಿಡುವಂತಿಲ್ಲ ಅಂತ ಅವತ್ತೇ ಮುದ್ರೆ ಒತ್ತಿದರು. ಆಸ್ಪತ್ರೆಯಲ್ಲಿ ಕೇಳಿದ್ದನ್ನು ಹೇಳಲು ನಿನ್ನನ್ನೂ ಕರೆಯುತ್ತಾರಂತೆ.

ಅವತ್ತು ಹೊಡೆದದ್ದರ ಬಗ್ಗೆ ಏನು ಬರೆಯಲಿ? ನೀನು ಬಂದಾಗ ನೋಡೋಣ.

ನಿನ್ನ,
ಅಮ್ಮ


ಜೂನ್ 3

ಪ್ರೀತಿಯ ಸೊಸೆಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಓದಿದವಳು, ನಾಲ್ಕು ಜನರ ಜೊತೆ ಬೆರೆತವಳು. ನಿನಗೆ ಹೇಳಿದರೆ ಅರ್ಥವಾಗುತ್ತದೆ ಅಂತ ಬರೆಯುತ್ತಿದ್ದೇನೆ. ಅಕ್ಕ ದುಃಖದಲ್ಲಿ ಏನು ಮಾಡುತ್ತಿದ್ದೇನೆ ಅಂತ ತಿಳಿಯದೆ ಮಾಡಿದ್ದಾಳೆ. ಮನೆಯೊಳಗೆ ಮುಗಿಸಿಕೊಳ್ಳಬೇಕಾದ ಮಾತನ್ನು ಕಚೇರಿಗೆ ಒಯ್ದಿದ್ದಾಳೆ. ಎಂಜಿನ್ನಿನವನೂ ಈಗ ಮಾತು ಬದಲಾಯಿಸಿದ್ದಾನೆ. ಮುಂದಿನ ವಿಚಾರಣೆಗೆ ನನ್ನನ್ನು ಬರಹೇಳಿದ್ದಾರೆ. ವಕೀಲರು ಜೈಲು ಆಗಬಹುದು ಅನ್ನುತ್ತಾರೆ.

ಹೋದ ಹುಡುಗ ಇದರಿಂದ ಬರುತ್ತಾನಾ? ನನಗೂ ಅವನು ಮಗನ ಹಾಗೇ ಇದ್ದ. ನೀನು ಅಕ್ಕನಿಗೆ ಒಂದು ಮಾತು ಹೇಳು. ಚಿಕ್ಕವಳಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವನು ನಾನು, ಅದನ್ನಾದರೂ ನೆನೆಸಿಕೋ. ನೀನು ಸಾಕಿದ ಏಡಿ ಚಿಪ್ಪು ಬಿಟ್ಟಿತಂತೆ, ಕೇಳಿ ಸಂತೋಷವಾಯಿತು.

ನಿನ್ನ ಉತ್ತರದ ನಿರೀಕ್ಷೆಯಲ್ಲಿ,
ಮಾವ


ಜೂನ್ 20

ಮಗಳೇ,

ಮಾವ ನಿನಗೆ ಬರೆದ ಕಾಗದವನ್ನು ಒಂದು ಮಾತೂ ಸೇರಿಸದೆ ಹಾಗೇ ನನಗೆ ಕಳಿಸಿದ್ದೀಯ. ಒಳ್ಳೆಯದು ಮಾಡಿದೆ. ಬಂದರಿನ ಕಚೇರಿಯವರಿಗೆ ಕೊಟ್ಟುಬಂದೆ.

ವಿಚಾರಣೆ ನಾಳಿದ್ದು. ಇವತ್ತು ಸಂಜೆ ಶೆಡ್ಡಿನಿಂದ ಬಂದು ಕೈ ತೊಳೆಯುತ್ತಿದ್ದೆ, ಬಾಗಿಲು ಬಡಿದ ಸದ್ದಾಯಿತು. ತೆಗೆಯಲಿಲ್ಲ. ಬಡಿಯುವುದು ನಿಂತು ಕೂಗುವುದು ಶುರುವಾಯಿತು. 'ಅಕ್ಕಾ, ಅಕ್ಕಾ.' ಅಮ್ಮ ಹೋದ ಮೇಲೆ ಈ ಕೈಯಲ್ಲೇ ಅವನನ್ನು ಬೆಳೆಸಿದ್ದು. ಆ ದನಿ ಕೇಳಿ ಸುಮ್ಮನಿರುವುದು ಈ ಜನ್ಮದಲ್ಲಿ ಮೊದಲ ಸಲ. ಪಕ್ಕದ ಮನೆಯವರೂ ಕಿಟಕಿಗೆ ಬಂದರು. ಕೊನೆಗೆ ಬಾಗಿಲು ತೆಗೆದೆ. ಅಲ್ಲೇ ಮಂಡಿಯೂರಿ ಕೂತ. 'ದೂರು ವಾಪಸ್ ತಗೋ ಅಕ್ಕಾ. ಕೂಗಿ ಕೂಗಿ ಗಂಟಲು ಹೋಯ್ತು, ನಿಂಗೆ ಕೇಳಿಸ್ಲಿಲ್ವಾ?' ಅಂದ.

'ಕೇಳಿಸ್ತು ಕಣೋ. ಗುಂಡನೂ ಹೀಗೇ ಕೂಗಿರ್ತಾನೆ, ಮಾವಾ ಮಾವಾ ಅಂತ' ಅಂದೆ.

ಬಾಗಿಲು ಹಾಕಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಅವನು ಇನ್ನೂ ಹೊರಗೆ ಕೂಗುತ್ತಿದ್ದಾನೆ. ಕೂಗಲಿ.

ಅಮ್ಮ